ಒಂದು ಗಂಟೆ ಹತ್ತು ನಿಮಿಷದ ದಾರಿ

ನಾನು ಸಾಧಾರಣ ಮನುಷ್ಯ. ಇದು ವಿನಯಕ್ಕೆ ಹೇಳುವ ಮಾತಲ್ಲ. ಪುರಸಭೆಯವರು ಅಳೆದು, ತೂಗಿ, ಮೊಹರು ಒತ್ತಿ ಕೊಟ್ಟ ಕಾಗದ ನನ್ನ ಬಳಿ ಇದೆ. ವಯಸ್ಸು ಐವತ್ತೊಂದು, ಎತ್ತರ ಸಾಧಾರಣ, ಮೈಕಟ್ಟು ಸಾಧಾರಣ, ವಿಶೇಷ ಪ್ರತಿಭೆ ಇಲ್ಲ. ನಮ್ಮೂರಿನಲ್ಲಿ ಬೇರೆ ಯಾರಿಗೂ ಇಂಥ ಗೌರವ ಸಿಕ್ಕಿಲ್ಲ. ಆ ಕಾಗದದ ಮರ್ಯಾದೆ ಉಳಿಸಿ ಒಂದೇ ಒಂದು ದಿನ ಸಾಧಾರಣವಾಗಿ ನಡೆದುಬಿಟ್ಟಿದ್ದರೆ ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ನನ್ನದು ಬೈಂಡಿಂಗ್ ಕೆಲಸ. ಪುರಸಭೆಯ ಎದುರಿಗೇ ಅಂಗಡಿ. ಅವರ ರಿಜಿಸ್ಟರುಗಳ ಬೆನ್ನು ಹೊಲಿದು, ಅಂಟು ಹಚ್ಚಿ, ರಟ್ಟು ಹಾಕಿ, ಪ್ರೆಸ್ಸಿನಲ್ಲಿ ಬಿಗಿದು ಕೊಡುವುದರಲ್ಲಿಯೇ ನನ್ನ ಆಯುಷ್ಯದ ದೊಡ್ಡ ಪಾಲು ಕಳೆದಿದೆ. ಒಂದು ದಿನ ಮೇಲಿನ ಕಚೇರಿಯಿಂದ ಪುರಸಭೆಗೆ ಸುತ್ತೋಲೆ ಬಂತು: ಅಕ್ಕಪಕ್ಕದ ಊರುಗಳ ನಡುವಿನ ಹಳೆಯ ಕಾಲುದಾರಿಗಳನ್ನು ಮತ್ತೆ ಬಳಕೆಗೆ ತರಬೇಕು, ಜನ ನಡೆಯಬೇಕು. ದಾರಿಯ ಎರಡೂ ತುದಿಗೆ ಬೋರ್ಡು ಹಾಕಬೇಕು. ಬೋರ್ಡಿನಲ್ಲಿ ಎಷ್ಟು ಹೊತ್ತಿನ ದಾರಿ ಎಂದು ಬರೆಯಬೇಕು. ಆ ಹೊತ್ತನ್ನು ಒಬ್ಬ ಸಾಧಾರಣ ಮನುಷ್ಯನನ್ನು ನಡೆಸಿಯೇ ತೀರ್ಮಾನಿಸಬೇಕು.

ಎಷ್ಟು ದೂರ ಎಂದು ಬರೆದರೆ ಸಾಲದೇ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ದೂರ ಅಳೆಯುವ ಸರಪಳಿ ಬೇರೆ ಇಲಾಖೆಯದಂತೆ. ಅವರು ಕೊಡುವುದಿಲ್ಲವಂತೆ.

ಮುಖ್ಯಾಧಿಕಾರಿಗಳು ಸುತ್ತೋಲೆ ಓದಿ ಮುಗಿಸಿ, ಕನ್ನಡಕ ತೆಗೆದು, ಕಿಟಕಿಯಿಂದ ಹೊರಗೆ ನೋಡಿದರಂತೆ. ಎದುರಿಗೆ ನಾನು ಅಂಟು ಕಲಸುತ್ತ ಕೂತಿದ್ದೆ. ಅವರಿಗೆ ಹುಡುಕುವ ಶ್ರಮವೇ ಉಳಿಯಿತು.

ಮನುಷ್ಯರನ್ನು ಅಳೆಯುವ ಟೇಪು ಕಚೇರಿಯಲ್ಲಿ ಇರಲಿಲ್ಲ. ನನ್ನ ಪಕ್ಕದ ಅಂಗಡಿಯ ದರ್ಜಿಯನ್ನು ಕರೆಸಿದರು. ಅವನು ಅಭ್ಯಾಸಬಲದಿಂದ ತೋಳಿನ ಉದ್ದ, ಕಾಲರಿನ ಸುತ್ತಳತೆಯನ್ನೂ ತೆಗೆದು ಹೇಳಿದ. ಗುಮಾಸ್ತರು ಅದನ್ನೂ ಬರೆದುಕೊಂಡರು.

“ನಿಮಗೆ ಏನಾದ್ರೂ ವಿಶೇಷ ಪ್ರತಿಭೆ ಇದೆಯಾ?” ಎಂದು ಮುಖ್ಯಾಧಿಕಾರಿಗಳು ಕೇಳಿದರು.

“ಸ್ವಲ್ಪ ಹಾಡ್ತೀನಿ ಸಾರ್.”

“ಎಲ್ಲಿ, ಹಾಡಿ.”

ಹಾಡಿದೆ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಅವರು ಕೈ ಎತ್ತಿ, ಗುಮಾಸ್ತರ ಕಡೆ ತಿರುಗಿ, “ಇಲ್ಲ ಅಂತ ಬರ್ಕೊಳ್ಳಿ” ಅಂದರು.

ಮನೆಗೆ ಹೋಗಿ ಕಾಗದ ತೋರಿಸಿದರೆ ನನ್ನ ಹೆಂಡತಿ ಅದನ್ನು ದೀಪದ ಬೆಳಕಿಗೆ ಹಿಡಿದು ಓದಿ, “ಇಪ್ಪತ್ತೆಂಟು ವರ್ಷದಿಂದ ನಾನು ಹೇಳ್ತಾ ಬಂದಿದ್ದನ್ನ ಆಫೀಸಿನವರು ಮೊಹರು ಹಾಕಿ ಕೊಟ್ಟಿದಾರೆ” ಅಂದಳು. ದರ್ಜಿಯಂತೂ ಮಾರನೆಯ ದಿನದಿಂದಲೇ ನನ್ನನ್ನು ‘ಸಾಧಾರಣಪ್ಪ’ ಎಂದು ಕರೆಯಲು ಶುರು ಮಾಡಿದ. ಬೀದಿಯವರು ಕೈಜೋಡಿಸಿದರು. ಮೇಲೆ ನಗುತ್ತಿದ್ದೆ, ಒಳಗೆ ಉರಿಯುತ್ತಿತ್ತು.

ಅಮ್ಮನಿಗೆ ಮಾತ್ರ ಆ ಕಾಗದ ಹಿಡಿಸಿತು. ಅದಕ್ಕೊಂದು ಕಾರಣವಿತ್ತು.

ಅಮ್ಮನಿಗೆ ಎಂಬತ್ತನಾಲ್ಕು. ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು. ಕಿವಿ ಮಂದ, ಫೋನಿನಲ್ಲಿ ಮಾತಾಡುವಂತಿರಲಿಲ್ಲ. ಅವಳ ಹಿರಿಮಗಳು, ನನ್ನ ಅಕ್ಕ, ಪಕ್ಕದೂರಿನಲ್ಲಿ ಒಬ್ಬಳೇ ಇದ್ದಳು. ಭಾವ ತೀರಿಕೊಂಡ ಮೇಲೆ, ಶಾಲೆಯ ಹೊಲಿಗೆ ಟೀಚರ್ ಕೆಲಸದಿಂದ ನಿವೃತ್ತಿಯಾದ ಮೇಲೆ, ಅವಳಿಗೆ ಇದ್ದ ಜನ ಎಂದರೆ ನಾವೇ. ಆದರೆ ಅಕ್ಕನಿಗೆ ಚಕ್ರ ಇರುವ ಯಾವುದೂ ಆಗದು. ಬಸ್ಸು ಹತ್ತಿದರೆ ವಾಂತಿ, ಕಾರು ಹತ್ತಿದರೆ ವಾಂತಿ, ತಳ್ಳುಗಾಡಿಯನ್ನು ದಿಟ್ಟಿಸಿ ನೋಡಿದರೂ ಹೊಟ್ಟೆ ತೊಳೆಸುತ್ತದೆ. ಎರಡು ವರ್ಷದ ಹಿಂದೆ ಅಮ್ಮನನ್ನು ನೋಡಲು ಧೈರ್ಯ ಮಾಡಿ ಬಸ್ಸು ಹತ್ತಿದವಳನ್ನು ಕಂಡಕ್ಟರು ಅರ್ಧ ದಾರಿಯಲ್ಲಿ ಕೈಮುಗಿದು ಇಳಿಸಿದ. ಅವಳು ಮೂರು ದಿನ ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿಸಿಕೊಂಡು ಮಲಗಿದಳು. ಅಲ್ಲಿಂದೀಚೆಗೆ ತಾಯಿ ಮಗಳು ಮುಖ ನೋಡಿಲ್ಲ.

“ಹಾಗಾದ್ರೆ ಇನ್ನು ನಡ್ಕೊಂಡು ಬರಬಹುದು ಅಲ್ವೇನೋ ಅವಳು?” ಎಂದು ಅಮ್ಮ ಕೇಳಿದಳು.

“ಹೂಂ ಅಮ್ಮ. ನಾನು ಮೊದ್ಲು ನಡೆದು ನೋಡ್ತೀನಿ. ಆಮೇಲೆ ಅವಳು.”

ಹೀಗೆ ಒಂದು ಸೋಮವಾರ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ನಾನು ಪುರಸಭೆಯ ಗೇಟಿನಿಂದ ಹೊರಟೆ. ಹೊರಟ ವೇಳೆಯನ್ನು ಒಂದು ಚೀಟಿಯಲ್ಲಿ ಬರೆದು ಮೊಹರು ಹಾಕಿಕೊಟ್ಟರು. ಪಕ್ಕದೂರಿನ ಕಚೇರಿಯಲ್ಲಿ ತಲುಪಿದ ವೇಳೆ ಬರೆಸಬೇಕು. ದರ್ಜಿ ಅಂಗಡಿಯ ಮುಂದೆ ನಿಂತು, “ಸಾಧಾರಣಪ್ಪ, ಕತ್ತಲಾಗೋದ್ರೊಳಗೆ ಸೇರ್ಕೋ” ಅಂದ.

ಆ ಮಾತಿನ ಸಿಟ್ಟಿಗೆ ಮೊದಲ ಅರ್ಧ ಗಂಟೆ ನಾನು ನಡೆದದ್ದು ನಡಿಗೆಯಲ್ಲ, ಓಟ. ಮಿಕ್ಕ ಕಥೆಯನ್ನು ಹೊಸ ಚಪ್ಪಲಿ ಹೇಳಿತು. ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿತು, ಒಡೆಯಿತು. ಹೊಲದ ಬದುವಿನ ಮೇಲೆ ಕುಂಟುತ್ತ ಹೋದರೆ ಒಂದು ಮಣ್ಣುರಸ್ತೆ ಅಡ್ಡ ಬಂತು. ಅಲ್ಲೊಂದು ಕಲ್ಲಿನ ಮೇಲೆ ಕೂತು ಕಾಲು ನೋಡಿಕೊಳ್ಳುತ್ತಿದ್ದಾಗ ಹಾಲಿನ ವ್ಯಾನು ಬಂದು ನಿಂತಿತು.

“ಬನ್ನಿ, ಹತ್ತಿ” ಅಂದ ಡ್ರೈವರು.

“ಇಲ್ಲಪ್ಪ, ನಾನು ಸರ್ಕಾರದ ಪರವಾಗಿ ನಡೀತಿದೀನಿ.”

“ನಡೀರಿ. ಮೊದ್ಲು ಹತ್ತಿ.”

ಹತ್ತಿದೆ. ನನ್ನ ಲೆಕ್ಕಾಚಾರ ತಪ್ಪಾಗಿರಲಿಲ್ಲ. ಊರಿನ ಅಂಚಿನಲ್ಲಿ ಇಳಿದು, ಮರದ ಕೆಳಗೆ ಒಂದೂವರೆ ಗಂಟೆ ಕೂತು, ಸಾಧಾರಣ ಮನುಷ್ಯ ತಲುಪಬೇಕಾದ ಹೊತ್ತಿಗೆ ತಲುಪಿದರಾಯಿತು. ಆದರೆ ಡ್ರೈವರಿನ ಸೌಜನ್ಯ ದೊಡ್ಡದು. ಅವನು ಮಾತಾಡುತ್ತ ಮಾತಾಡುತ್ತ ನನ್ನನ್ನು ಕಚೇರಿಯ ಹಿಂದಿನ ಓಣಿಗೇ ತಂದು ಇಳಿಸಿದ. ಓಣಿಯಿಂದ ಹೊರಗೆ ಕಾಲಿಟ್ಟರೆ ಅಲ್ಲಿನ ಅಧಿಕಾರಿಗಳು ಗೇಟಿನಲ್ಲೇ ನಿಂತಿದ್ದರು. ನನ್ನನ್ನು ನೋಡಿದರು, ಗಡಿಯಾರ ನೋಡಿದರು, ಮತ್ತೆ ನನ್ನನ್ನು ನೋಡಿದರು. ಒಂಬತ್ತು ಗಂಟೆ ಹತ್ತು ನಿಮಿಷ.

“ನೀವೇನಾ ಸಾಧಾರಣ ಮನುಷ್ಯರು?” ಅಂದರು. “ಏನ್ರೀ ಇದು, ಗಾಳಿ ಹಂಗೆ ಬಂದಿದೀರಲ್ಲ.”

ಆಗ ಸತ್ಯ ಹೇಳಲೆಂದೇ ಬಾಯಿ ತೆರೆದೆ. ಪ್ರಮಾಣ ಮಾಡಿ ಹೇಳುತ್ತೇನೆ, ಅದಕ್ಕೇ ತೆರೆದೆ. ತೆರೆದ ಬಾಯಿಂದ ಹೊರಬಂದ ಮಾತು, “ಇವತ್ತು ಸ್ವಲ್ಪ ನಿಧಾನ ಆಯ್ತು ಸಾರ್.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅವರು ಚೀಟಿಗೆ ಮೊಹರು ಹಾಕಿಯೇ ಬಿಟ್ಟರು. ಅಲ್ಲಿಂದ ಕುಂಟದೆ ಗೇಟು ದಾಟಿದ್ದು ಮಾತ್ರ ಆ ದಿನದ ನನ್ನ ನಿಜವಾದ ಸಾಧನೆ.

ಅಕ್ಕನ ಮನೆಗೆ ಹೋದೆ. ಬಾಗಿಲು ತೆಗೆದವಳು ನನ್ನ ಧೂಳು ಹಿಡಿದ ಕಾಲು ನೋಡಿ, “ನಡ್ಕೊಂಡೇ ಬಂದ್ಯೇನೋ?” ಅಂದಳು.

“ಹೂಂ.”

“ಎಷ್ಟು ಹೊತ್ತಾಯ್ತು?”

“ಒಂದು ಗಂಟೆ ಹತ್ತು ನಿಮಿಷ.” ಚೀಟಿ ತೋರಿಸಿದೆ.

ಅಕ್ಕ ಮೂವತ್ತು ವರ್ಷ ಶಾಲೆಯ ಗಂಟೆಗೆ ಎದ್ದು ಕೂತವಳು. ನಿಮಿಷ ಎಂದರೆ ಅವಳಿಗೆ ದೇವರಿಗಿಂತ ಒಂದು ಮೆಟ್ಟಿಲು ಕೆಳಗೆ, ಅಷ್ಟೇ. ಚೀಟಿಯನ್ನು ಎರಡು ಸಲ ಓದಿ, “ಅಷ್ಟೇನಾ?” ಅಂದಳು. “ಅಷ್ಟೇ ದಾರಿ ಇಟ್ಕೊಂಡು ನಾನು ಎರಡು ವರ್ಷ ಇಲ್ಲಿ ಕೂತಿದ್ನಲ್ಲೋ.” ಅವಳ ಕಣ್ಣು ತುಂಬಿತು. ನಾನು ನೀರು ಕುಡಿದೆ. ನನ್ನ ಗುಳ್ಳೆ ನೋಡಿ ಎಣ್ಣೆ ಹಚ್ಚಿದಳು. ಸಂಜೆ ಬಸ್ಸಿನಲ್ಲಿ ವಾಪಸಾದೆ.

ಮೂರೇ ವಾರದಲ್ಲಿ ಎರಡೂ ಊರಿನ ತುದಿಯಲ್ಲಿ ಹಸಿರು ಬೋರ್ಡು ಎದ್ದಿತು: ‘ಸಾಧಾರಣ ನಡಿಗೆಗೆ ೧ ಗಂಟೆ ೧೦ ನಿಮಿಷ.’ ನಡುದಾರಿಯಲ್ಲಿ ಅಲ್ಲಲ್ಲಿ ಬಾಣದ ಗುರುತು ಹಾಕುವುದು ಮುಂದಿನ ವರ್ಷದ ಯೋಜನೆಯಲ್ಲಿತ್ತು.

ಮೊದಲು ನಡೆದವರು ಶಾಲೆಯ ಹೆಡ್‌ಮಾಸ್ಟರು. ಭಾನುವಾರ ಬೆಳಿಗ್ಗೆ ಹೋದವರು ಮಧ್ಯಾಹ್ನದ ಮೇಲೆ ಬಸ್ಸಿನಿಂದ ಇಳಿದರು. ಎಷ್ಟು ಹೊತ್ತಾಯಿತು ಎಂದು ಯಾರೋ ಕೇಳಿದರು. ಅವರು ಆಚೆ ಈಚೆ ನೋಡಿ, “ಒಂದು ಗಂಟೆ ಐದು ನಿಮಿಷ” ಅಂದರು. ಮುಂದಿನ ವಾರ ದರ್ಜಿ ಹೋದ. ಅವನಿಗೆ ಬರಿ ಒಂದು ಗಂಟೆ ಆಯಿತಂತೆ, ಅದೂ ದಾರಿಯಲ್ಲಿ ಒಬ್ಬರ ಜತೆ ನಿಂತು ಮಾತಾಡಿದ್ದನ್ನೂ ಸೇರಿಸಿ. ಆಮೇಲೆ ಊರಿನಲ್ಲಿ ಪೈಪೋಟಿಯೇ ಬಿತ್ತು. ಸಾಧಾರಣ ಮನುಷ್ಯನಿಗಿಂತ ನಿಧಾನ ಎಂದು ಒಪ್ಪಿಕೊಳ್ಳಲು ಯಾರು ತಾನೇ ತಯಾರಿರುತ್ತಾರೆ? ಐವತ್ತೈದು ನಿಮಿಷದವರು ಬಂದರು, ಐವತ್ತರವರು ಬಂದರು. ಪಕ್ಕದೂರಿನ ಸಭೆಗೆ ನಡೆದು ಹೊರಟ ನಮ್ಮ ಮುಖ್ಯಾಧಿಕಾರಿಗಳು ಸಭೆ ಮುಗಿದು ಕುರ್ಚಿ ಎತ್ತಿಡುವಾಗ ತಲುಪಿದರು. ಹೊಟ್ಟೆ ಬಂದಿರುವುದೇ ಕಾರಣ ಎಂದು ಮಾರನೆಯ ದಿನದಿಂದ ಊಟ ಬಿಟ್ಟರು.

ಬೀದಿಯ ಡಾಕ್ಟರಿಗೆ ಹೊಸ ಬಗೆಯ ರೋಗಿಗಳು ಬರತೊಡಗಿದರು. ಕೆಮ್ಮಿಗೆ ಔಷಧಿ ಕೇಳಲು ಹೋದ ನಾನು ಪರದೆಯ ಈಚೆಯಿಂದ ಕೇಳಿಸಿಕೊಂಡೆ.

“ಏನಾಗುತ್ತೆ?”

“ಏನೂ ಇಲ್ಲ ಡಾಕ್ಟ್ರೇ. ನಡೆದ್ರೆ ದಾರಿ ಮುಗಿಯಲ್ಲ.”

“ಎಷ್ಟು ದಿನದಿಂದ?”

“ಬೋರ್ಡು ಹಾಕಿದಾಗ್ಲಿಂದ.”

ಡಾಕ್ಟರು ಟಾನಿಕ್ ಬರೆದುಕೊಟ್ಟರು. ಮೇಜಿನ ಮೇಲೆ ಅದೇ ಟಾನಿಕ್ಕಿನ ಅರ್ಧ ಖಾಲಿಯಾದ ಬಾಟಲಿ ಇತ್ತು, ಪಕ್ಕದಲ್ಲಿ ಚಮಚ. ಅವರೂ ನಡೆದು ಬಂದಿದ್ದರು ಎಂದು ಆಮೇಲೆ ಗೊತ್ತಾಯಿತು.

ಹಾಲಿನ ವ್ಯಾನಿನ ಡ್ರೈವರು ಸುಮ್ಮನಿರುವ ಜಾತಿಯಲ್ಲ. ಟೀ ಅಂಗಡಿಯಲ್ಲಿ ಕೂತು, “ಅವತ್ತು ಅವರು ಬಂದಿದ್ದು ನನ್ನ ಗಾಡೀಲಿ” ಎಂದು ಊರಿಗೆಲ್ಲ ಕೇಳುವಂತೆ ಹೇಳಿದ. ಅಲ್ಲೇ ಕೂತಿದ್ದ ನಾನು ಲೋಟಕ್ಕೆ ಮುಖ ಹುದುಗಿಸಿದೆ. ಆದರೆ ದರ್ಜಿ ಎದ್ದುನಿಂತು ಅವನನ್ನು ತರಾಟೆಗೆ ತೆಗೆದುಕೊಂಡ.

“ಒಬ್ಬ ಮನುಷ್ಯ ಏಳಿಗೆ ಆದ್ರೆ ನಿನಗ್ಯಾಕಯ್ಯಾ ಹೊಟ್ಟೆಕಿಚ್ಚು? ಹಾಗಾದ್ರೆ ನಾನು ಒಂದು ಗಂಟೇಲಿ ಹೋಗಿದ್ದೂ ಸುಳ್ಳಾ?”

ಡ್ರೈವರು ಹೆದರಿ ಟೀ ಅರ್ಧಕ್ಕೇ ಬಿಟ್ಟುಹೋದ. ನನ್ನ ಸುಳ್ಳನ್ನು ಕಾಯಲು ಇಡೀ ಊರೇ ಟೊಂಕ ಕಟ್ಟಿ ನಿಂತಿತ್ತು. ಈಗ ಯಾರೂ ನನ್ನನ್ನು ಸಾಧಾರಣಪ್ಪ ಎನ್ನುತ್ತಿರಲಿಲ್ಲ. ಹೆಡ್‌ಮಾಸ್ಟರು ಶಾಲೆಗೆ ಕರೆಸಿ ‘ನಡಿಗೆ ಮತ್ತು ಶಿಸ್ತು’ ಎಂಬ ವಿಷಯದ ಮೇಲೆ ಭಾಷಣ ಮಾಡಿಸಿದರು. “ಮಕ್ಕಳೇ, ಕಾಲು ನಡೆದರೆ ಸಾಲದು, ಮನಸ್ಸು ನಡೆಯಬೇಕು” ಎಂದೆ. ಚಪ್ಪಾಳೆ ಬಿತ್ತು. ನನ್ನ ಬುದ್ಧಿಯ ದೋಷ ನೋಡಿ, ಆ ಹೊತ್ತಿಗೆ ನಾನೇ ಅದನ್ನು ನಂಬಿಬಿಟ್ಟಿದ್ದೆ. ವ್ಯಾನು, ಡ್ರೈವರು, ಓಣಿ ಎಲ್ಲ ಯಾರಿಗೋ ಆದ ಸಂಗತಿಯ ಹಾಗೆ ದೂರವಾಗಿತ್ತು.

ಅಮ್ಮನ ಮಂಚ ಕಿಟಕಿಯ ಪಕ್ಕಕ್ಕಿತ್ತು. ಕಾಲುದಾರಿ ಊರೊಳಗೆ ಬರುವ ತಿರುವು ಅಲ್ಲಿಂದ ಕಾಣುತ್ತಿತ್ತು.

“ಒಂದು ಗಂಟೆ ಹತ್ತು ನಿಮಿಷ ಅಂದ್ರೆ ಎಷ್ಟು ಹೊತ್ತೋ?” ಎಂದು ಒಂದು ದಿನ ಕೇಳಿದಳು.

ಅವಳ ಕಿವಿಯ ಹತ್ತಿರ ಬಾಗಿ, “ನೀನು ಊಟ ಆದ ಮೇಲೆ ಒಂದು ನಿದ್ದೆ ಮಾಡಿ ಏಳ್ತೀಯಲ್ಲ, ಅಷ್ಟು” ಎಂದು ಕೂಗಿ ಹೇಳಿದೆ.

ಅದನ್ನು ಹೇಳಬಾರದಿತ್ತು. ಅಲ್ಲಿಂದ ಮುಂದೆ ದಿನವೂ ಮಧ್ಯಾಹ್ನ ಅಮ್ಮ ಮಲಗುವ ಮುಂಚೆ, “ಅವಳು ಈಗ ಹೊರಟಿರ್ತಾಳೆ” ಎನ್ನುತ್ತಿದ್ದಳು. ಎದ್ದ ತಕ್ಷಣ ಕಿಟಕಿಯ ಕಡೆ ಹೊರಳಿ, “ಬಂದ್ಲಾ?” ಎನ್ನುತ್ತಿದ್ದಳು. ನನ್ನ ಹೆಂಡತಿ ಅವಳ ದಿಂಬು ಸರಿ ಮಾಡುತ್ತಿದ್ದಳು. ಒಂದೂವರೆ ತಿಂಗಳು ಹೀಗೆ ಕಳೆಯಿತು.

ಅಕ್ಕನಿಗೆ ಫೋನ್ ಮಾಡಿದೆ.

“ಬರ್ತೀನಪ್ಪ. ಇಲ್ಲಿ ಸ್ವಲ್ಪ ಕೆಲಸ ಇತ್ತು” ಅಂದಳು. ದನಿ ಸಣ್ಣದಾಗಿತ್ತು.

ಇನ್ನೊಂದು ವಾರ ಬಿಟ್ಟು ಮಾಡಿದೆ. “ಮೈ ಹುಷಾರಿರ್ಲಿಲ್ಲ ಕಣೋ. ಬರ್ತೀನಿ.”

ಮೂರನೆಯ ಸಲ ನನಗೆ ಸಿಟ್ಟು ಬಂತು. ಅಮ್ಮ ಆಗತಾನೇ ಕಿಟಕಿಯಿಂದ ಈಚೆ ಹೊರಳಿದ್ದಳು. ಫೋನಿನಲ್ಲಿ ನಾನು ಆಡಿದ ಮಾತನ್ನು ಇಲ್ಲಿ ಇದ್ದ ಹಾಗೇ ಬರೆಯುತ್ತೇನೆ. ನನಗೆ ಶಿಕ್ಷೆ ಕೊಡುವವರು ಬೇರೆ ಯಾರೂ ಇಲ್ಲ. “ಮನಸ್ಸಿದ್ರೆ ಮಾರ್ಗ ಅಕ್ಕ. ಒಂದು ಗಂಟೆ ಹತ್ತು ನಿಮಿಷದ ದಾರಿ. ಹೆತ್ತ ತಾಯಿಗಾಗಿ ಅಷ್ಟು ನಡೆಯೋಕಾಗಲ್ವಾ ನಿನಗೆ?”

“ಆಯ್ತಪ್ಪ” ಅಂದಳು ಅಕ್ಕ.

ಅದರ ಮರುದಿನವೇ ಅಮ್ಮ ಹೋದಳು. ಮಧ್ಯಾಹ್ನ ಹನ್ನೆರಡು ದಾಟಿತ್ತು. ಊಟಕ್ಕೆಂದು ಎಬ್ಬಿಸಿ ಕೂರಿಸಲು ಹೋದ ನನ್ನ ಹೆಂಡತಿ ನನ್ನನ್ನು ಕೂಗಿದಳು. ನಾನು ಹೋಗುವಷ್ಟರಲ್ಲಿ ಮುಗಿದಿತ್ತು.

ಅಕ್ಕ ಕಾರಿನಲ್ಲಿ ಬಂದಳು. ನಾಲ್ಕು ಕಡೆ ನಿಲ್ಲಿಸಿ, ವಾಂತಿ ಮಾಡಿಕೊಂಡು, ಇಬ್ಬರು ಹಿಡಿದು ಇಳಿಸುವ ಸ್ಥಿತಿಯಲ್ಲಿ ಬಂದಳು. ಬೀದಿಯ ಹೆಂಗಸರು, “ಈಗ ಬಂದ್ಲು ನೋಡಿ” ಎಂದು ಅವಳಿಗೆ ಕೇಳುವಂತೆಯೇ ಪಿಸುಗುಟ್ಟಿದರು. ಅವರ ಪೈಕಿ ಅರ್ಧ ಜನ ಆ ದಾರಿಯಲ್ಲಿ ನಡೆದು ಬಂದು ಟಾನಿಕ್ ಕುಡಿಯುತ್ತಿದ್ದವರು.

ಹದಿನೈದು ದಿನ ಕಳೆದ ಮೇಲೆ, ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತ ನನ್ನ ಹೆಂಡತಿ ತಡೆಯಲಾರದೆ ಕೇಳಿಯೇಬಿಟ್ಟಳು. “ಅತ್ತಿಗೆ, ತಪ್ಪು ತಿಳೀಬೇಡಿ. ಒಂದು ಸಲ ಬಂದು ಹೋಗಬಹುದಿತ್ತು. ಅತ್ತೆ ದಿನಾ ಕಿಟಕಿ ನೋಡ್ತಿದ್ರು.”

ಅಕ್ಕ ಕೈಯಲ್ಲಿದ್ದ ಲೋಟವನ್ನು ನೋಡುತ್ತ ಹೇಳಿದಳು. “ಬಂದಿದ್ನಮ್ಮ. ಮೂರು ಸಲ ಬಂದೆ. ದಾರಿ ತಪ್ಪಿಹೋಯ್ತು. ಈ ವಯಸ್ಸಲ್ಲಿ ನೆಟ್ಟಗಿರೋ ದಾರಿ ತಪ್ಪಿದೆ ಅಂತ ಯಾರ ಹತ್ರ ಹೇಳ್ಲಿ? ನಾಚಿಕೆ ಆಯ್ತು.”

ನಾನು ಬಾಗಿಲಲ್ಲಿ ನಿಂತಿದ್ದೆ.

“ಮೊದಲ್ನೇ ಸಲ ಗಡಿಯಾರ ನೋಡ್ಕೊಂಡು ಸರಿಯಾಗಿ ಒಂದು ಗಂಟೆ ಹತ್ತು ನಿಮಿಷ ನಡೆದೆ. ಊರಿನ ಸುಳಿವೇ ಇಲ್ಲ, ಸುತ್ತ ಬರೀ ಹೊಲ. ಎಲ್ಲೋ ಕವಲಲ್ಲಿ ತಪ್ಪಿದೀನಿ ಅಂತ ಹೆದರಿ ತಿರುಗಿದೆ. ಎರಡ್ನೇ ಸಲ ಬೇರೆ ಕವಲು ಹಿಡಿದೆ. ವಯಸ್ಸಾಗಿದೆ ಅಂತ ಇಪ್ಪತ್ತು ನಿಮಿಷ ಜಾಸ್ತೀನೇ ಕೊಟ್ಟೆ. ಆಗ್ಲೂ ಇಲ್ಲ.” ಅವಳು ನನ್ನ ಕಡೆ ತಿರುಗಿದಳು. “ನಾಳೆ ನಾನು ಹೊರಡ್ತೀನಿ ಕಣೋ. ಆ ಕಾರು ಬೇಡ. ನೀನೇ ಜತೇಲಿ ಬಂದು ದಾರಿ ತೋರ್ಸು. ನಿನಗೆ ಚೆನ್ನಾಗಿ ಗೊತ್ತಲ್ಲ.”

ಮರುದಿನ ಬೆಳಿಗ್ಗೆ ಹೊರಟೆವು. ದರ್ಜಿ ಅಂಗಡಿಯಿಂದ ಕೈ ಎತ್ತಿದ. ದರ್ಜಿ ಅಂಗಡಿಯಿಂದ ಕೈ ಎತ್ತಿದ. ಕವಲು ಬಂದಾಗ ನಾನು ನಿಂತು ಆ ಕಡೆ ಈ ಕಡೆ ನೋಡುತ್ತಿದ್ದೆ. ಅಕ್ಕನೇ, “ಇದು ಇರಬೇಕು” ಎಂದು ಮುಂದೆ ಹೋಗುತ್ತಿದ್ದಳು. ನಲವತ್ತು ನಿಮಿಷ ಆಗಿರಬಹುದು. ಒಂದು ಸಣ್ಣ ದಿಬ್ಬ ಹತ್ತಿ ಇಳಿದ ಕೂಡಲೇ ಒಂದು ಮೋರಿ ಸಿಕ್ಕಿತು. ಅಕ್ಕ ಅದರ ಕಟ್ಟೆಯ ಮೇಲೆ ಕೈ ಇಟ್ಟು ನಿಂತಳು.

“ಇಲ್ಲೇ” ಅಂದಳು. “ಮೂರನೇ ಸಲ ಇಲ್ಲಿ ತನಕ ಬಂದಿದ್ದೆ. ಎರಡು ಗಂಟೆ ನಡೆದಿದ್ದೆ. ಇಲ್ಲಿ ಕೂತು ಗಡಿಯಾರ ನೋಡ್ದೆ. ಇನ್ನು ನಡೆದ್ರೆ ಯಾವ ಊರಿಗೆ ಹೋಗಿ ಸೇರ್ತೀನೋ ಅಂತ ಭಯ ಆಯ್ತು.”

ನಾನು ಹಿಂದೆ ತಿರುಗಿ ದಿಬ್ಬ ಹತ್ತಿದೆ. ಇಪ್ಪತ್ತು ಹೆಜ್ಜೆ. ಮೇಲೆ ನಿಂತು ನೋಡಿದರೆ ನಮ್ಮೂರಿನ ನೀರಿನ ಟ್ಯಾಂಕು ಎದುರಿಗೇ ಕಾಣುತ್ತಿತ್ತು. ಅದರ ಎಡಕ್ಕೆ ನಮ್ಮ ಬೀದಿಯ ಸೂರುಗಳೂ ಕಾಣುತ್ತಿದ್ದವು. ಇಳಿದು ಬಂದೆ.

“ಅಕ್ಕ” ಅಂದೆ. “ನೀನು ದಾರಿ ತಪ್ಪಿರ್ಲಿಲ್ಲ. ಇದೇ ದಾರಿ.”

“ಹಾಗಾದ್ರೆ ನಾನೇ ನಿಧಾನ ಅನ್ನು. ನೀನು ಹೇಗೋ ಅಷ್ಟು ಬೇಗ ನಡೆದೆ? ಇವತ್ತು ನನಗಿಂತ ಹಿಂದೆ ಬೀಳ್ತಿದೀಯ.”

“ನಾನು ನಡೀಲಿಲ್ಲ. ಕಾಲಲ್ಲಿ ಗುಳ್ಳೆ ಎದ್ದಿತ್ತು. ಹಾಲಿನ ವ್ಯಾನು ಹತ್ತಿದೆ.”

ಅಕ್ಕ ನನ್ನನ್ನೇ ನೋಡಿದಳು. ಅರ್ಥವಾಗಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

“ಮತ್ತೆ ನಿಜವಾಗ್ಲೂ ಎಷ್ಟು ಹೊತ್ತಿನ ದಾರಿ ಇದು?”

“ಗೊತ್ತಿಲ್ಲ ಅಕ್ಕ. ನಾನು ಪೂರ್ತಿ ನಡೀತಿರೋದು ಇವತ್ತೇ ಮೊದಲು.”

ಬೈಯುತ್ತಾಳೆ ಎಂದು ಕಾದೆ. ಹೊಡೆದಿದ್ದರೂ ಆಗುತ್ತಿತ್ತು. ಅವಳು ಮೋರಿಯ ಕಟ್ಟೆಯ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು.

“ಅವತ್ತು ಅಮ್ಮ ಏನಾದ್ರೂ ಕೇಳಿದ್ಲಾ? ಕೊನೇಲಿ?”

“ಹನ್ನೊಂದೂವರೆಗೆ ಕೇಳಿದ್ಲು. ‘ಬರ್ತಾಳಾ’ ಅಂತ.”

“ನೀನೇನಂದೆ?”

“ಸಮಾಧಾನಕ್ಕೆ ಒಂದು ಸುಳ್ಳು ಹೇಳಿದೆ ಅಕ್ಕ. ‘ಹೊರಟಿದಾಳೆ, ದಾರೀಲಿದಾಳೆ, ಇನ್ನೇನು ಬಂದ್ಬಿಡ್ತಾಳೆ’ ಅಂದೆ.”

ಅಕ್ಕ ತಲೆ ಎತ್ತಲಿಲ್ಲ.

“ನೀನು ಫೋನಲ್ಲಿ ಅಷ್ಟು ಅಂದ್ಯಲ್ಲ, ಅದರ ಮರುದಿನವೇ ಕಣೋ ನಾನು ಮೂರನೇ ಸಲ ಹೊರಟಿದ್ದು” ಅಂದಳು. “ಹನ್ನೆರಡಕ್ಕೆ ಇಲ್ಲಿ ಕೂತಿದ್ದೆ. ವಾಪಸ್ಸು ಹೋಗಿ ಬೀಗ ತೆಗೀತಿದ್ದೆ, ಒಳಗೆ ಫೋನು ಹೊಡ್ಕೊಳ್ತಿತ್ತು. ನೀನು ಅಮ್ಮನಿಗೆ ಸುಳ್ಳು ಹೇಳಿಲ್ಲ.”

ಆಮೇಲೆ ಅವಳು ಎದ್ದು ನಡೆದಳು. ನಾನು ಅವಳ ಹಿಂದೆ ನಡೆದೆ. ದಾರಿ ಇನ್ನೂ ಬಹಳ ಇತ್ತು.